ಬಾಳೆಹಣ್ಣು ಕೊನೆಗೆ

ಬೇಸಿಗೆ ಬಂತೆಂದರೆ ಹೊಳೆನರಸೀಪುರದ ಕಡೆ ಮದುವೆ, ಆರತಕ್ಷತೆ, ಬೀಗರ ಊಟಗಳ ಸಾಲು. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಬಾಗಿಲ ಹತ್ತಿರದ ಮೇಜಿನ ಮೇಲೆ ಫ್ರೂಟ್ ಸಲಾಡ್ ಬಟ್ಟಲುಗಳು ಸಾಲಾಗಿ ಕೂತಿರುತ್ತವೆ. ಗಟ್ಟಿ ಹಳದಿ ಕಸ್ಟರ್ಡ್, ಅದರೊಳಗೆ ನಾಲ್ಕು ಚೂರು ಸೇಬು, ಎರಡು ದ್ರಾಕ್ಷಿ, ಬಣ್ಣಬಣ್ಣದ ಟೂಟಿ ಫ್ರೂಟಿ, ಮೇಲೊಂದು ಕೆಂಪು ಚೆರ್ರಿ. ಟೂಟಿ ಫ್ರೂಟಿ ಅಂದರೆ ಸಕ್ಕರೆ ಪಾಕದಲ್ಲಿ ಬೆಂದು ಬಣ್ಣ ಕುಡಿದ ಪರಂಗಿಕಾಯಿ. ನಮ್ಮ ಬೇಕರಿಗಳಲ್ಲಿ ಚೆರ್ರಿ ಹೆಸರಿನಲ್ಲಿ ಸಿಗುವುದು ಬಹುಪಾಲು ಬೇಲಿಯಲ್ಲಿ ಬಿಡುವ ಕವಳಿಕಾಯಿ, ಅದಕ್ಕೂ ಪಾಕ ಮತ್ತು ಬಣ್ಣದ ಸಂಸ್ಕಾರ ಆಗಿರುತ್ತದೆ. ಕಸ್ಟರ್ಡ್ ಪುಡಿ ಮೆಕ್ಕೆಜೋಳದ ಪಿಷ್ಟ, ಬಣ್ಣ ಮತ್ತು ವೆನಿಲಾ ವಾಸನೆ ಸೇರಿದ್ದು. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಮಾಡಿದ ಪುಡಿ ಅದು. ಹೆಂಡತಿಯ ಮೇಲಿನ ಅಕ್ಕರೆಯಿಂದ ಹುಟ್ಟಿದ ಪದಾರ್ಥದ ಬಗ್ಗೆ ನನಗೆ ತಕರಾರಿಲ್ಲ. ಹಣ್ಣು ತಿನ್ನುತ್ತಿದ್ದೇವೆಂದುಕೊಂಡು ಹಿಟ್ಟು, ಸಕ್ಕರೆ, ಬಣ್ಣ ತಿನ್ನುತ್ತಿದ್ದೇವಲ್ಲ ಎನ್ನುವುದು ನನ್ನ ಸಂಕಟ.

ಹಣ್ಣಿಗೆ ಬರವಿರುವ ಸೀಮೆಯೂ ಇದಲ್ಲ. ಹರದನಹಳ್ಳಿಯನ್ನೇ ತೆಗೆದುಕೊಳ್ಳಿ. 1933ರ ಮೇ 18ರಂದು ಎಚ್.ಡಿ. ದೇವೇಗೌಡರು ಹುಟ್ಟಿದ ಊರು. 1996ರಲ್ಲಿ ಅವರು ಪ್ರಧಾನಿಯಾದಾಗ ಈ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ಆ ಸುದ್ದಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಹೊಳೆನರಸೀಪುರ ತಾಲ್ಲೂಕಿನ ಉಳಿದ ಹಳ್ಳಿಗಳಂತೆಯೇ ರಾಗಿ, ಭತ್ತ, ತೆಂಗು, ಹಸು ಎಮ್ಮೆಗಳ ಊರು. ಈ ಸೀಮೆಯ ಹಿತ್ತಲುಗಳಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ಗೋಡೆ ಬದಿಯ ಪರಂಗಿ ಗಿಡ, ಒಂದು ಸೀಬೆ, ಒಂದು ನಿಂಬೆ ಎಲ್ಲ ಕಡೆ ಕಾಣುತ್ತವೆ. ಪೂರ್ವಕ್ಕೆ ಚನ್ನರಾಯಪಟ್ಟಣದ ತೆಂಗಿನ ತೋಟಗಳು. ಪಶ್ಚಿಮಕ್ಕೆ ಅರಕಲಗೂಡು ದಾಟಿ ಮಲೆನಾಡಿನ ಕಡೆ ಹೋದಂತೆ ಹಲಸು ಹೆಚ್ಚುತ್ತದೆ. ಸಕಲೇಶಪುರದ ಕಾಫಿ ತೋಟಗಳಲ್ಲಿ ಕಿತ್ತಳೆ, ಬೆಣ್ಣೆಹಣ್ಣು ಸಿಗುತ್ತವೆ. ಬಡವರ ಊಟಿ ಎಂದು ಹೆಸರಾದ ಹಾಸನ ಜಿಲ್ಲೆಯಲ್ಲಿ ಬೇಸಿಗೆಯ ಮಧ್ಯಾಹ್ನಕ್ಕೆ ತಂಪಾದ ಹಣ್ಣಿನ ಬಟ್ಟಲೊಂದನ್ನು ಮನೆಯಲ್ಲೇ ಮಾಡಿಕೊಳ್ಳಲು ಪೇಟೆಯಿಂದ ತರಬೇಕಾದದ್ದು ತೀರ ಕಡಿಮೆ. ತಿಳಿದುಕೊಳ್ಳಬೇಕಾದದ್ದು ಮಾತ್ರ ಸಾಕಷ್ಟಿದೆ. ಒಂದೊಂದು ಹಣ್ಣಿಗೂ ಒಂದೊಂದು ಗುಣ. ಯಾವುದನ್ನು ಯಾವಾಗ ಹೆಚ್ಚಬೇಕು, ಯಾವುದರ ಜೊತೆ ಸೇರಿಸಬೇಕು ಎನ್ನುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಇದೆ.

ನಮ್ಮ ಹೆಂಗಸರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಬಾಳೆಹಣ್ಣಿನ ರಸಾಯನ ಮಾಡುವ ಮನೆಯಲ್ಲಿ ಹೊಸ ಸೊಸೆಗೆ ಅತ್ತೆ ಹೇಳುವ ಮಾತು ಹೀಗಿರುತ್ತದೆ: "ಬಾಳೆಹಣ್ಣ ಕೊನೆಗ್ ಹಾಕವ್ವ, ಮೊದ್ಲೇ ಹಾಕುದ್ರೆ ಕಪ್ಪಾಯ್ತದೆ." ಬಾಳೆಹಣ್ಣು, ಬೆಲ್ಲ, ತೆಂಗಿನ ತುರಿ, ಏಲಕ್ಕಿ, ಒಂದು ಚಮಚ ತುಪ್ಪ ಅಥವಾ ಜೇನು. ಶಿವರಾತ್ರಿಯ ಉಪವಾಸಕ್ಕೆ ಇದು, ರಾಮನವಮಿಗೆ ಪಾನಕ ಕೋಸಂಬರಿಯ ಜೊತೆ ಕರಬೂಜದ ರಸಾಯನ, ಮಾವಿನ ಕಾಲದಲ್ಲಿ ಹಾಲು ಸೇರಿಸಿದ ಸೀಕರಣೆ. ಈಶ್ವರನ ಗುಡಿಗಳಲ್ಲಿ ಅಭಿಷೇಕ ಆದ ಮೇಲೆ ಅಂಗೈಗೆ ಬೀಳುವ ಪಂಚಾಮೃತದಲ್ಲೂ ಬಾಳೆಹಣ್ಣಿನ ಚೂರು ಇರುತ್ತದೆ. ಫ್ರೂಟ್ ಸಲಾಡ್ ಮಾಡಲು ಹೊರಡುವವರು ಕಸ್ಟರ್ಡಿನಿಂದ ಶುರುಮಾಡುವ ಬದಲು ರಸಾಯನದಿಂದ ಶುರುಮಾಡಲಿ ಎಂಬುದು ನನ್ನ ಒತ್ತಾಯ. ನೈವೇದ್ಯದ ಆ ಪುಟ್ಟ ಬಟ್ಟಲಲ್ಲಿ ಹಣ್ಣಿನ ಸಲಾಡಿನ ಶಾಸ್ತ್ರವೆಲ್ಲ ಇದೆ.

ಈ ದೇಶದ ಹಣ್ಣಿನ ಬಟ್ಟಲು ಐದು ಶತಮಾನಗಳ ಕೆಳಗೆ ಹೇಗಿತ್ತು ಎಂದು ಯೋಚಿಸಿದರೆ ಆಶ್ಚರ್ಯವಾಗುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಪಾನಕಗಳಿಗೆಂದೇ ಅದರಲ್ಲಿ ಒಂದು ಭಾಗವಿದೆ. ಆ ಕಾಲದ ಕನ್ನಡ ಅಡುಗೆಮನೆಯಲ್ಲಿ ಮಾವು, ಹಲಸು, ಬಾಳೆ, ದಾಳಿಂಬೆ, ನೇರಳೆ ಇದ್ದವು. ಪರಂಗಿ, ಅನಾನಸ್, ಸೀಬೆ, ಸೀತಾಫಲ, ಸಪೋಟ ಇವೆಲ್ಲ ಅಮೆರಿಕ ಖಂಡದ ಹಣ್ಣುಗಳು. ಕೊಲಂಬಸ್ ಅನಾನಸನ್ನು ಮೊದಲು ಕಂಡದ್ದು 1493ರಲ್ಲಿ, ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಜೊತೆ ಬಂದ ಬೀಜ, ಗೆಡ್ಡೆ, ಸಸಿಗಳು ನಿಧಾನವಾಗಿ ಘಟ್ಟ ಹತ್ತಿದವು. ಇವತ್ತು ಹರದನಹಳ್ಳಿಯ ಹುಡುಗ ಸೀಬೆಮರ ಹತ್ತುವಾಗ ಅದು ಪರದೇಶದ್ದು ಎಂಬ ಭಾವನೆ ಯಾರಿಗೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ನಮ್ಮ ಮಣ್ಣಿಗೆ ಒಗ್ಗಿದ ಮೇಲೆ ಅದು ನಮ್ಮದೇ. ಆದ್ದರಿಂದ ರಸಾಯನದ ಬಟ್ಟಲಿಗೆ ಪರಂಗಿ, ಅನಾನಸ್ ಸೇರಿಸಲು ಹಿಂಜರಿಯಬೇಕಿಲ್ಲ. ಹಡಗಿನಲ್ಲಿ ಬಂದು ಮೇಣದ ಹೊಳಪಿನಲ್ಲಿ ಕೂತ ಸೇಬು, ಕಿವಿ ಹಣ್ಣಿಗೆ ದುಡ್ಡು ಸುರಿಯುವುದು ಮಾತ್ರ ಮೇ ತಿಂಗಳಲ್ಲಿ ನನಗೆ ಸರಿ ಕಾಣುವುದಿಲ್ಲ.

ಈಗ ಹಣ್ಣು ಆರಿಸುವ ಮಾತು. ಕೊಯ್ದ ಮೇಲೆ ಮಾಗುವ ಹಣ್ಣುಗಳು ಕೆಲವು: ಮಾವು, ಬಾಳೆ, ಪರಂಗಿ, ಸಪೋಟ, ಸೀತಾಫಲ. ಇವು ತಮ್ಮೊಳಗೇ ಎಥಿಲೀನ್ ಎಂಬ ಅನಿಲವನ್ನು ಉತ್ಪಾದಿಸಿಕೊಂಡು ಮಾಗುತ್ತವೆ. ಬಲಿತ ಸಪೋಟವನ್ನು ಅಕ್ಕಿ ಡಬ್ಬದಲ್ಲೋ ರಾಗಿಯೊಳಗೋ ಹುದುಗಿಸುವುದು, ಮಾವನ್ನು ಹುಲ್ಲಿನಲ್ಲಿ ಮುಚ್ಚುವುದು, ಬಾಳೆಗೊನೆಗೆ ಹೊಗೆ ಕೊಡುವುದು, ಎಲ್ಲವೂ ಆ ಅನಿಲವನ್ನು ಹಣ್ಣಿನ ಸುತ್ತ ಹಿಡಿದಿಡುವ ಅಥವಾ ಹೊರಗಿನಿಂದ ಒದಗಿಸುವ ಉಪಾಯಗಳೇ. ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಅನಾನಸ್, ದ್ರಾಕ್ಷಿ, ಕಿತ್ತಳೆ, ದಾಳಿಂಬೆ ಹಾಗಲ್ಲ. ಕೊಯ್ದ ದಿನ ಎಷ್ಟು ಸಿಹಿಯೋ ಅಷ್ಟೇ, ಮನೆಯಲ್ಲಿ ಇಟ್ಟರೆ ಮೆತ್ತಗಾಗುತ್ತವೆಯೇ ಹೊರತು ಸಿಹಿಯಾಗುವುದಿಲ್ಲ. ಅನಾನಸ್ ಕೊಳ್ಳುವಾಗ ಬುಡದ ಹತ್ತಿರ ಮೂಸಿ ನೋಡಿ. ಬುಡದ ಕಣ್ಣುಗಳು ಹಳದಿ ತಿರುಗಿ ಗಮ್ಮೆಂದರೆ ತನ್ನಿ. ಬನವಾಸಿ, ಸಾಗರದ ಕಡೆಯಿಂದ ಬರುವ ಹಣ್ಣಿನಲ್ಲಿ ಈ ಪರಿಮಳ ಚೆನ್ನಾಗಿರುತ್ತದೆ.

ಮಾವಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ಕಾನೂನು ಪ್ರಕಾರ ನಿಷಿದ್ಧ. ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುವ ಸಾಧ್ಯತೆ ಇದೆ. ಮಾಗಿಸುವ ಕೋಣೆಗಳಲ್ಲಿ ಎಥಿಲೀನ್ ಅನಿಲವನ್ನು ಹತ್ತು ಲಕ್ಷಕ್ಕೆ 100 ಭಾಗದವರೆಗೆ ಬಳಸಲು ಅನುಮತಿ ಇದೆ, ಅದು ಬೇರೆ ಮಾತು. ಹೊರಗೆಲ್ಲ ಒಂದೇ ಸಮ ಹಳದಿ, ಮೂಸಿದರೆ ವಾಸನೆಯೇ ಇಲ್ಲ, ಕೊಯ್ದರೆ ಒಳಗೆ ಹುಳಿ ಎನ್ನುವಂಥ ಹಣ್ಣನ್ನು ಇನ್ನೊಮ್ಮೆ ಆ ಅಂಗಡಿಯಲ್ಲಿ ಕೊಳ್ಳಬೇಡಿ. ಆಗುವುದಾದರೆ ಬಲಿತ ಕಾಯಿಯನ್ನೇ ತೋಟದವರಿಂದ ತಂದು ಮನೆಯ ಹುಲ್ಲಿನಲ್ಲಿ ಹಣ್ಣು ಮಾಡಿಕೊಳ್ಳಿ. ಎಲ್ಲ ಹಣ್ಣನ್ನೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಸಿಪ್ಪೆ ಎಸೆಯುವ ಹಣ್ಣನ್ನೂ ಸಹ. ಚಾಕು ಸಿಪ್ಪೆಯನ್ನು ಸೀಳಿಕೊಂಡೇ ಒಳಗೆ ಹೋಗುತ್ತದೆ, ಕೊಳೆಯೂ ಜೊತೆಗೆ ಹೋಗುತ್ತದೆ. ಮಾವನ್ನು ತಿನ್ನುವ ಮುಂಚೆ ಗಂಟೆಗಟ್ಟಲೆ ಬಕೆಟ್ ನೀರಿನಲ್ಲಿ ಮುಳುಗಿಸಿಡುವ ಹಳೆಯ ರೂಢಿ ಬಹಳ ಒಳ್ಳೆಯದು. ತೊಟ್ಟಿನ ಸೊನೆ ತೊಳೆದು ಹೋಗುತ್ತದೆ, ಹಣ್ಣು ಹದವಾಗಿ ತಂಪೂ ಆಗುತ್ತದೆ.

ಇನ್ನು ಹೆಚ್ಚುವುದು. ಹಳೆಯ ಕಬ್ಬಿಣದ ಈಳಿಗೆಮಣೆ ತರಕಾರಿಗೆ ಚೆಂದ, ಹಣ್ಣಿಗೆ ಬೇಡ. ಬಾಳೆ, ಸೀಬೆ, ಸಪೋಟಗಳ ಒಗರಿನ ಅಂಶ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಸ್ಟೀಲ್ ಚಾಕು ಇರಲಿ, ಈರುಳ್ಳಿ ಬೆಳ್ಳುಳ್ಳಿ ಹೆಚ್ಚಿದ ಮಣೆ ಬೇಡವೇ ಬೇಡ. ಹುಳಿ ಹಣ್ಣನ್ನು ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು.

ಬಾಳೆಹಣ್ಣು ಏಕೆ ಕಪ್ಪಾಗುತ್ತದೆ? ಹಣ್ಣಿನ ಜೀವಕೋಶಗಳೊಳಗೆ ಒಗರಿನ ಅಂಶಗಳು ಒಂದು ಕಡೆ, ಅವನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿ ಇರುತ್ತವೆ. ಚಾಕು ತಾಗಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರುತ್ತವೆ. ಗಾಳಿಯ ಆಮ್ಲಜನಕವೂ ಕೂಡಿಕೊಂಡು ಕಂದು ಬಣ್ಣ ಹುಟ್ಟುತ್ತದೆ. ಸೇಬು, ಸೀಬೆಯದೂ ಇದೇ ಕಥೆ. ಮೇಲೆ ನಿಂಬೆರಸ ಹಿಂಡಿದರೆ ಅದರ ಹುಳಿಗೆ ಕಿಣ್ವ ಮಂಕಾಗುತ್ತದೆ, ಅದರ ಸಿ ಜೀವಸತ್ವ ಬಣ್ಣ ಹುಟ್ಟುವುದನ್ನು ತಡೆಹಿಡಿಯುತ್ತದೆ. ಅರ್ಧ ನಿಂಬೆಹಣ್ಣು ಒಂದು ದೊಡ್ಡ ಬಟ್ಟಲಿಗೆ ಸಾಕು. ಹಾಗಿದ್ದೂ ಬಾಳೆಹಣ್ಣನ್ನು ಕೊನೆಗೇ ಹೆಚ್ಚಬೇಕು. ಬಣ್ಣವೊಂದೇ ಕಾರಣವಲ್ಲ, ಬೇಗ ಕಲಸಿದರೆ ಅದು ಕರಗಿ ಉಳಿದ ಹಣ್ಣಿನ ಮೇಲೆಲ್ಲ ಲೋಳೆಯಾಗಿ ಕೂರುತ್ತದೆ. ಈ ಕೆಲಸಕ್ಕೆ ಏಲಕ್ಕಿ ಬಾಳೆಗೆ ಸಾಟಿಯಿಲ್ಲ. ತುಸು ಹುಳಿ ಬೆರೆತ ಸಿಹಿ, ಗಟ್ಟಿ ತಿರುಳು. ಪಚ್ಚಬಾಳೆ ಬೇಗ ಮುದ್ದೆಯಾಗುತ್ತದೆ. ನಂಜನಗೂಡು ರಸಬಾಳೆ ಸಿಕ್ಕರೆ ಹಾಗೇ ತಿನ್ನಿ. ಪನಾಮ ರೋಗಕ್ಕೆ ಸಿಕ್ಕು ತೋಟಗಳೇ ಬರಿದಾಗಿ ಅಪರೂಪವಾಗಿರುವ ಆ ಹಣ್ಣನ್ನು ಬೇರೆ ಹಣ್ಣಿನ ನಡುವೆ ಕಳೆದುಹೋಗಲು ಬಿಡಬಾರದು.

ಆರು ಜನಕ್ಕೆ ಅಳತೆ ಹೀಗಿಟ್ಟುಕೊಳ್ಳಬಹುದು. ಮಧ್ಯಮ ಗಾತ್ರದ ಪರಂಗಿಹಣ್ಣಿನಲ್ಲಿ ಅರ್ಧ, ಎರಡು ಬಾದಾಮಿ ಅಥವಾ ಮಲ್ಲಿಕಾ ಮಾವು, ಮೂರು ಸಪೋಟ, ಒಂದು ಬಟ್ಟಲು ಅನಾನಸ್ ಚೂರು, ಎಂಟು ಏಲಕ್ಕಿ ಬಾಳೆ, ಅರ್ಧ ದಾಳಿಂಬೆಯ ಕಾಳು. ಬೆಲ್ಲ ನಾಲ್ಕು ಚಮಚದಷ್ಟು, ಅರ್ಧ ನಿಂಬೆ, ನಾಲ್ಕು ಏಲಕ್ಕಿ, ಅರ್ಧ ಹೋಳು ತೆಂಗಿನಕಾಯಿಯ ತುರಿ, ಒಂದು ಚಿಟಿಕೆ ಉಪ್ಪು. ಬಾದಾಮಿ, ಮಲ್ಲಿಕಾ ಹೆಸರು ಬೇಕೆಂದೇ ಹೇಳಿದೆ. ಅವುಗಳ ತಿರುಳು ಹೋಳಾಗಿ ನಿಲ್ಲುತ್ತದೆ. ರಸಪುರಿಯನ್ನು ಹೆಚ್ಚಲು ಹೋದರೆ ಕೈಯೆಲ್ಲ ರಸ. ಅದಕ್ಕೊಂದು ಬೇರೆಯೇ ಕೆಲಸವಿದೆ, ಆಮೇಲೆ ಹೇಳುತ್ತೇನೆ.

ಮೊದಲು ಬೆಲ್ಲ. ಅಚ್ಚುಬೆಲ್ಲದಲ್ಲಿ ಮರಳು, ಕಬ್ಬಿನ ಸಿಪ್ಪೆ ಇರುವುದು ಸಾಮಾನ್ಯ, ಪುಡಿ ಮಾಡಿ ಹಾಗೇ ಉದುರಿಸಿದರೆ ಹಲ್ಲಿಗೆ ಸಿಗುತ್ತದೆ. ಕಾಲು ಲೋಟ ನೀರಿನಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಹೊಳೆಯುವ ಹಳದಿ ಬೆಲ್ಲಕ್ಕೆ ಮರುಳಾಗಬೇಡಿ. ಆ ಬಣ್ಣ ಎಷ್ಟೋ ಸಲ ಆಲೆಮನೆಯಲ್ಲಿ ಹಾಕುವ ಹೈಡ್ರೋಸ್ ಪುಡಿಯಿಂದ ಬಂದದ್ದು. ಕಂದು ಬೆಲ್ಲವೇ ವಾಸಿ. ಪರಂಗಿ, ಮಾವು, ಸಪೋಟ, ಅನಾನಸ್ ಹೋಳುಗಳನ್ನು ಒಂದೇ ಗಾತ್ರಕ್ಕೆ, ಬಾಯಿಗೆ ಒಂದು ಬಾರಿಗೆ ಹಿಡಿಯುವಷ್ಟು ಹೆಚ್ಚಿ ಅಗಲ ಪಾತ್ರೆಗೆ ಹಾಕಿ. ಆರಿದ ಬೆಲ್ಲದ ನೀರು, ನಿಂಬೆರಸ, ಉಪ್ಪು ಸೇರಿಸಿ ಮುಚ್ಚಿಡಿ. ಕಾಲು ಗಂಟೆ ಬಿಟ್ಟು ನೋಡಿದರೆ ಪಾತ್ರೆಯ ತಳದಲ್ಲಿ ನೀವು ಹಾಕಿದ್ದಕ್ಕಿಂತ ಹೆಚ್ಚು ರಸ ನಿಂತಿರುತ್ತದೆ. ಸಿಹಿ ಹೊರಗೆ ದಟ್ಟವಾಗಿದ್ದಾಗ ಹಣ್ಣಿನ ಕೋಶಗಳೊಳಗಿನ ನೀರು ಆ ಕಡೆಗೆ ಹರಿದು ಬರುತ್ತದೆ. ಐದಾರು ಹಣ್ಣಿನ ರಸ ಒಂದಾಗಿ ಬೆರೆತ ಆ ತಿಳಿಯೇ ಈ ತಿನಿಸಿನ ಜೀವ. ಕಸ್ಟರ್ಡ್ ಸುರಿದವರಿಗೆ ಇದರ ರುಚಿ ಸಿಗುವುದೇ ಇಲ್ಲ. ಗಂಟೆಗಟ್ಟಲೆ ಬಿಡಬೇಡಿ, ಆಗ ಹೋಳು ಬಾಡಿ ಬತ್ತಿಹೋಗುತ್ತವೆ. ಉಪ್ಪಿನ ಚಿಟಿಕೆ ಸಿಹಿಯನ್ನು ಎತ್ತಿ ಕೊಡುತ್ತದೆ, ಪರಂಗಿಯ ಸಣ್ಣ ಕಹಿಯನ್ನು ಅಡಗಿಸುತ್ತದೆ.

ಬಡಿಸುವ ಹೊತ್ತಿಗೆ ಬಾಳೆಹಣ್ಣು, ತೆಂಗಿನ ತುರಿ, ಕುಟ್ಟಿದ ಏಲಕ್ಕಿ. ಕೈಯಿಂದಲೇ ಹಗುರವಾಗಿ ತಿರುವಿ, ಮೇಲೆ ದಾಳಿಂಬೆ. ಮಾವಿನ ಕಾಲವಾದರೆ ರಸಪುರಿ ಎರಡನ್ನು ಚೆನ್ನಾಗಿ ಹಿಸುಕಿ, ರಸವನ್ನು ಜರಡಿ ಹಿಡಿದು ಎಲ್ಲದರ ಮೇಲೆ ಸುರಿಯಿರಿ. ಬೆಲ್ಲವನ್ನು ಆಗ ಅರ್ಧಕ್ಕಿಳಿಸಿ. ಹಳದಿ ಬಣ್ಣ, ಗಟ್ಟಿತನ, ಪರಿಮಳ, ಕಸ್ಟರ್ಡ್ ಪುಡಿಯಿಂದ ಜನ ಏನು ಬಯಸುತ್ತಾರೋ ಅದೆಲ್ಲ ರಸಪುರಿಯಲ್ಲಿ ಹುಟ್ಟಿನಿಂದಲೇ ಇದೆ.

ಹಾಲು, ಮೊಸರು, ಐಸ್‌ಕ್ರೀಮ್ ಸೇರಿಸುವ ಆಸೆಯಿದ್ದವರಿಗೆ ಒಂದು ಮಾತು. ಹಸಿ ಅನಾನಸಿನಲ್ಲಿ ಬ್ರೊಮೆಲೇನ್, ಪರಂಗಿಯಲ್ಲಿ ಪಪೇನ್ ಎಂಬ ಕಿಣ್ವಗಳಿವೆ. ಇವು ಪ್ರೋಟೀನನ್ನು ಕತ್ತರಿಸುವಂಥವು. ಹಾಲು ಮೊಸರಿನ ಪ್ರೋಟೀನಿಗೆ ತಾಗಿ ಸ್ವಲ್ಪ ಹೊತ್ತು ಕಳೆದರೆ ಕಹಿ ತುಣುಕುಗಳು ಹುಟ್ಟುತ್ತವೆ, ಇಡೀ ಪಾತ್ರೆಯ ರುಚಿ ಕೆಡುತ್ತದೆ. ಕಿವಿ ಹಣ್ಣಿನದೂ ಇದೇ ಗುಣ. ಅನಾನಸ್ ತಿಂದಾಗ ನಾಲಗೆ ಚುರುಗುಟ್ಟುವುದರಲ್ಲೂ ಈ ಕಿಣ್ವದ ಪಾತ್ರವಿದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಅನುಭವವಿರುವ ಅಡುಗೆಯವರು ಅನಾನಸ್ ಹೋಳನ್ನು ಸಕ್ಕರೆ ನೀರಿನಲ್ಲಿ ಕೆಲವು ನಿಮಿಷ ಬೇಯಿಸಿ ಆರಿಸಿ ಆಮೇಲೆ ಹಾಲಿನ ಪದಾರ್ಥಕ್ಕೆ ಹಾಕುವುದು ಈ ಕಾರಣಕ್ಕೆ. ಮನೆಯಲ್ಲಿ ಹಾಲು ಬೆರೆಸುವುದಾದರೆ ಮಾವು, ಬಾಳೆ, ಸಪೋಟ ಮೂರೇ ಇರಲಿ. ಅದು ಸೀಕರಣೆಯ ದಾರಿ, ಸೋಲುವುದಿಲ್ಲ. ಅನಾನಸ್, ಪರಂಗಿ ಇದ್ದ ಬಟ್ಟಲಿಗೆ ತೆಂಗಿನಕಾಯಿಯ ಹಾಲು ಹೊಂದುತ್ತದೆ. ಚನ್ನರಾಯಪಟ್ಟಣ, ಅರಸೀಕೆರೆಯ ತೆಂಗು ಮನೆಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಮೇಲೋಗರ ಬೇಕಿಲ್ಲ.

ತಂಪು ಎಂದರೆ ಐಸ್ ಎಂದುಕೊಳ್ಳುವುದು ಈಚಿನ ಅಭ್ಯಾಸ. ತೀರ ತಣ್ಣಗಿರುವ ಪದಾರ್ಥದ ಸಿಹಿ ನಾಲಗೆಗೆ ಮಂಕಾಗಿ ಕಾಣುತ್ತದೆ, ಹಾಗಾಗಿ ಇನ್ನಷ್ಟು ಸಕ್ಕರೆ ಸುರಿಯಬೇಕಾಗುತ್ತದೆ. ಐಸ್ ಚೂರು ಹಾಕಿದರೆ ಕರಗಿ ರಸ ನೀರಾಗುತ್ತದೆ. ಐಸಿಗೆ ಬಳಸಿದ ನೀರು ಎಲ್ಲಿಯದು ಎಂಬ ಚಿಂತೆ ಬೇರೆ. ಇಡೀ ಹಣ್ಣನ್ನು ಮುಂಚೆಯೇ ತಂಪು ಮಾಡಿಕೊಂಡು ಆಮೇಲೆ ಹೆಚ್ಚಿದರೆ ಸಾಕು. ಬಾಳೆಹಣ್ಣು ಮಾತ್ರ ಫ್ರಿಜ್ಜಿಗೆ ಬೇಡ, ಚಳಿಗೆ ಅದರ ಸಿಪ್ಪೆ ಕಪ್ಪಾಗುತ್ತದೆ. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆ ದಾಟಬಾರದು. ಸಿಹಿ, ನೀರು, ಬೆಚ್ಚಗಿನ ಹವೆ, ಸೂಕ್ಷ್ಮಜೀವಿಗಳಿಗೆ ಬೇಕಾದದ್ದೆಲ್ಲ ಅಲ್ಲಿದೆ. ತೆಂಗಿನ ತುರಿ ಬಿದ್ದ ಮೇಲಂತೂ ಬೇಗ ಹಳಸುತ್ತದೆ. ಬಸ್ ನಿಲ್ದಾಣಗಳ ಬಳಿ ಬೆಳಿಗ್ಗೆಯೇ ಹೆಚ್ಚಿ ಸಂಜೆವರೆಗೆ ಇಟ್ಟ ಹಣ್ಣಿನ ತಟ್ಟೆಯನ್ನು ಮಕ್ಕಳಿಗೆ ಕೊಡಿಸುವ ತಾಯಂದಿರು ದಯವಿಟ್ಟು ಇದನ್ನು ನೆನಪಿಡಬೇಕು. ಅದೇ ದುಡ್ಡಿಗೆ ಎರಡು ಇಡೀ ಬಾಳೆಹಣ್ಣು ಬರುತ್ತದೆ. ವರ್ಷ ತುಂಬದ ಕೂಸಿಗೆ ಜೇನು ಹಾಕಿದ ರಸಾಯನ ನೆಕ್ಕಿಸಬಾರದು ಎಂಬುದೂ ಇಲ್ಲೇ ಹೇಳಬೇಕಾದ ಮಾತು.

ಸಕ್ಕರೆ ಕಾಯಿಲೆ ಇರುವ ಹಿರಿಯರು ಪಕ್ಕದಲ್ಲಿ ಕೂತು ಆಸೆಗಣ್ಣಿನಿಂದ ನೋಡುವುದು ಈಗ ಮನೆಮನೆಯ ಪಾಡು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದೊಡ್ಡವರಿಗೆ ದಿನಕ್ಕೆ 100 ಗ್ರಾಂ ಹಣ್ಣು ಹೇಳುತ್ತದೆ. ಸಕ್ಕರೆ ಕಾಯಿಲೆಯವರು ತಮ್ಮ ವೈದ್ಯರನ್ನು ಕೇಳಿ ಅಳತೆ ಗೊತ್ತುಮಾಡಿಕೊಂಡರೆ ಪೂರ್ತಿ ವಂಚಿತರಾಗಬೇಕಿಲ್ಲ. ಅವರ ಬಟ್ಟಲನ್ನು ಬೆಲ್ಲ ಹಾಕುವ ಮೊದಲೇ ತೆಗೆದಿಡಿ. ಬಾಳೆ, ಸಪೋಟ ಬಿಟ್ಟು ಪರಂಗಿ, ಸೀಬೆ, ದಾಳಿಂಬೆ, ನಿಂಬೆರಸ, ಒಂದಿಷ್ಟು ಮೆಣಸಿನ ಪುಡಿ. ಸೀಬೆಯಲ್ಲಿ ನಾರು ಹೇರಳ, ಸಿ ಜೀವಸತ್ವ 100 ಗ್ರಾಮಿಗೆ 200 ಮಿಲಿಗ್ರಾಮಿನಷ್ಟು, ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು. ಹಿತ್ತಲಲ್ಲಿ ಹಕ್ಕಿ ಕಚ್ಚಿ ಉದುರಿ ಹಾಳಾಗುವ ಹಣ್ಣಿನ ಯೋಗ್ಯತೆ ಇದು.

ಮಾವು ಮುಗಿದ ಮೇಲೂ ಬಟ್ಟಲು ಖಾಲಿಯಾಗಬೇಕಿಲ್ಲ. ಮುಂಗಾರು ಹಿಡಿದಾಗ ಗಟ್ಟಿ ತೊಳೆಯ ಹಲಸನ್ನು ಸೀಳಿ ಪರಂಗಿ, ಬಾಳೆಯ ಜೊತೆ ಹಾಕಬಹುದು. ತುಮಕೂರು ಸೀಮೆಯ ಸಿದ್ದು ಹಲಸಿನ ಸಸಿ ಈಗ ದೂರದೂರದ ತೋಟಗಳಿಗೆ ಹೋಗಿದೆ. ಅದರ ಕೆಂಪು ತೊಳೆ ಬಟ್ಟಲಿಗೆ ಬಣ್ಣ ತರುತ್ತದೆ. ಮಳೆಗಾಲದ ಕೊನೆಗೆ ಸೀತಾಫಲ. ಬೀಜ ಬಿಡಿಸುವ ತಾಳ್ಮೆ ಇದ್ದವರು ಅದರ ತಿರುಳನ್ನು ರಸಪುರಿಯ ಜಾಗದಲ್ಲಿ ಬಳಸಲಿ. ಚಳಿಗಾಲದಲ್ಲಿ ಕಿತ್ತಳೆಯ ತೊಳೆ ಇದ್ದರೆ ನಿಂಬೆಯೂ ಬೇಡ. ಪೇಟೆಯಲ್ಲಿರುವವರು ಹಾಪ್‌ಕಾಮ್ಸ್ ಮಳಿಗೆ ಹತ್ತಿರವಿದ್ದರೆ ಅಲ್ಲಿ ಕೊಳ್ಳಲಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು, ಬೆಳೆದವರಿಗೂ ತಿನ್ನುವವರಿಗೂ ನಡುವೆ ದಲ್ಲಾಳಿ ಇಲ್ಲದಂತೆ ಮಾಡುವ ಉದ್ದೇಶದ್ದು.

ಉಳಿದದ್ದನ್ನು ಏನು ಮಾಡುವುದೆಂಬ ಪ್ರಶ್ನೆ ಬರುತ್ತದೆ. ತೆಂಗಿನ ತುರಿ ಬೆರೆತದ್ದನ್ನು ಕೂಡಲೇ ಫ್ರಿಜ್ಜಿನಲ್ಲಿಟ್ಟು ರಾತ್ರಿ ಊಟದೊಳಗೆ ಮುಗಿಸಬೇಕು. ಮೆತ್ತಗಾದ ಬಾಳೆ, ಮಾವಿನ ಹೋಳು ಉಳಿದಿದ್ದರೆ ಆವತ್ತೇ ಕಿವುಚಿ, ರಸದ ಸಮೇತ ಗೋಧಿಹಿಟ್ಟು, ಒಂದು ಹಿಡಿ ಚಿರೋಟಿ ರವೆ ಸೇರಿಸಿ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಅರ್ಧ ಗಂಟೆ ನೆನೆಯಲಿ. ಕಾದ ಎಣ್ಣೆಗೆ ಸಣ್ಣಸಣ್ಣದಾಗಿ ಬಿಟ್ಟು ನಿಧಾನದ ಉರಿಯಲ್ಲಿ ಕೆಂಪಗೆ ಕರಿದರೆ ಸಂಜೆಯ ಕಾಫಿಗೆ ಮುಳುಕ ಸಿದ್ಧ. ಎಣ್ಣೆ ಬೇಡವೆನ್ನುವವರು ಅದೇ ಹಿಟ್ಟನ್ನು ಪಡ್ಡಿನ ಕಾವಲಿಯಲ್ಲಿ ತುಪ್ಪ ಸವರಿ ಬೇಯಿಸಿಕೊಳ್ಳಬಹುದು. ಬೆಲ್ಲ ಇದ್ದುದರಿಂದ ಬೇಗ ಸೀಯುತ್ತದೆ, ಉರಿ ಚಿಕ್ಕದಿರಲಿ.